ಅಮೆರಿಕದ ಸಿದ್ದಿಗಳು

"ಬಾಯಿ ಮುಚ್ಚು ಬೇವರ್ಸಿ. ಲಿಫ್ಟಲ್ಲಿ ಕನ್ನಡ ಮಾತಾಡ್ಬೇಡ ಅಂತ ಎಷ್ಟು ಸಲ ಹೇಳುದು ನಿಂಗೆ? ನೀನು ಜಾರ್ಜಿಯಾದವ ಮಾರಾಯ. ಜಾರ್ಜಿಯಾ ಎಲ್ಲುಂಟು ಹೇಳು."

"ಅಮೆರಿಕದಾಗೆ," ಅಂದ ಗೇಬ್ರಿಯಲ್.

"ಅದನ್ನೂ ಹೇಳ್ಬೇಡ. ಸುಮ್ನೆ ಹಲ್ಲು ಬಿಡು. ನಿಮ್ಮ ಮುಖ ಒಂದೇ ಸಾಕು," ಅಂದ ಜಯಪಾಲ.

ಜಯಪಾಲ ಉಡುಪಿ ಕಡೆಯವನು. ಗಲ್ಫಿಗೆ ಬಂದು ಜುಮೇರಾ ಲೇಕ್ ಟವರ್ಸಿನಲ್ಲಿ ಆಫೀಸು ಮಾಡಿಕೊಂಡು ಹೋಟೆಲುಗಳಿಗೆ, ಮದುವೆಗಳಿಗೆ ಹಾಡುವವರನ್ನೂ ಕುಣಿಯುವವರನ್ನೂ ಒದಗಿಸುವವನು. ಗೇಬ್ರಿಯಲ್ ಮತ್ತವನ ಮೂವರು ಜೊತೆಗಾರರು ಯಲ್ಲಾಪುರ ತಾಲೂಕಿನ ಸಿದ್ದಿಗಳು. ಅವರ ಹಿರಿಯರನ್ನು ಆಫ್ರಿಕದಿಂದ ಹಿಡಿದು ತಂದು ಗೋವೆಯಲ್ಲಿ ಮಾರಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡು ಬಂದವರು ಕಾಡು ಸೇರಿದರು, ಕಾಡಿನಿಂದ ಒಡೆಯರ ಕೊಟ್ಟಿಗೆ ಸೇರಿದರು. ಗುಂಗುರು ಕೂದಲು ಮಾತ್ರ ಹಾಗೇ ಉಳಿಯಿತು. ಆ ಕೂದಲನ್ನೇ ಜಯಪಾಲ ಬಂಡವಾಳ ಮಾಡಿಕೊಂಡಿದ್ದ.

ನಾಲ್ವರೂ ಮುಹೈಸ್ನಾದ ಕೂಲಿಕಾರರ ಕ್ಯಾಂಪಿನಲ್ಲಿದ್ದು ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಸಂಜೆ ಬಸ್ಸಿಗೆ ಕಾಯುವಾಗ ಬೇಸರ ಕಳೆಯಲು ಹಾಡುತ್ತಿದ್ದರು. ವಾದ್ಯವೆಂಬುದು ಇರಲಿಲ್ಲ. ಡೋಲಿನ ಕೆಲಸವನ್ನು ಅವರಲ್ಲಿ ಹಿರಿಯನಾದ ಬಸ್ತ್ಯಾಂವ ಕಾಕಾನೇ ತನ್ನ ಎದೆಯಾಳದ ದನಿಯಿಂದ ಮಾಡುತ್ತಿದ್ದ. ದಿಯೋಗ, ಹುಸೇನ ನಡುವೆ ತುಂಬುತ್ತಿದ್ದರು. ಇಗರ್ಜಿಯಲ್ಲಿ ಹಾಡಿ ಪಳಗಿದ ಗೇಬ್ರಿಯಲ್ ಮೇಲಿನ ಸ್ವರ ಹಿಡಿಯುತ್ತಿದ್ದ. ಯಾರೋ ಮೊಬೈಲಿನಲ್ಲಿ ಹಿಡಿದುಬಿಟ್ಟರು, ಜಯಪಾಲನ ಕಣ್ಣಿಗೆ ಬಿತ್ತು. ವರ್ಷದೊಳಗೆ ಮೈಮೇಲೆ ಸೂಟು ಬಂತು, ಕಾಲಿಗೆ ಹೊಳೆಯುವ ಬೂಟು ಬಂತು, ಹೋಟೆಲಿನ ಬಾಗಿಲಲ್ಲಿ 'ದಿ ಜಾರ್ಜಿಯಾ ಫೋರ್' ಎಂಬ ಬೋರ್ಡು ಬಂತು. ಅಮೆರಿಕದ ಕರಿಯರು ಚರ್ಚಿನಲ್ಲಿ ಹಾಡುವ ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಕೇಳಿ ಕೇಳಿಯೇ ಬಾಯಿಪಾಠ ಮಾಡಿದರು. ಬಿಳಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಗೇಬ್ರಿಯಲ್‌ಗೆ ಮಾತ್ರ ಚಪ್ಪಾಳೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹಾಡುವವನ ಹೆಸರು ಆ ಊರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಅವನು ಕೇಳಿಕೊಂಡದ್ದು ಒಂದೇ. ಅಬುಧಾಬಿಯ ಕನ್ನಡದವರ ರಾಜ್ಯೋತ್ಸವದಲ್ಲಿ ತಮ್ಮ ಹೆಸರು ಹೇಳಿ, ತನ್ನನ್ನು ಹೆತ್ತ ಆಯಿಯ ಹಾಡೊಂದನ್ನು ಹಾಡಬೇಕು. ಜಯಪಾಲ "ಆಯ್ತು ಮಾರಾಯ, ಲಾಸ್ಟಿಗೆ ಒಂದು" ಅಂದಿದ್ದ. ಆ ಮಾತು ನಂಬಿ ಊರಲ್ಲಿ ಆಯಿ ಕಾರ್ಯಕ್ರಮದ ನೇರಪ್ರಸಾರ ನೋಡಲು ಪಕ್ಕದ ಮನೆಯವರ ಫೋನಿನ ಮುಂದೆ ಆ ದಿನ ಸಂಜೆಯಿಂದಲೇ ಕೂತಿದ್ದಳು.

ಅಬುಧಾಬಿಯ ಖಾಲಿದಿಯಾದ ಹಾಲ್ ತಲುಪಿ ಸೂಟು ಹಾಕಿಕೊಳ್ಳುವಾಗ ಜಯಪಾಲ ಬಂದ.

"ಆ ಹಾಡು ಕ್ಯಾನ್ಸಲ್."

"ಎಂತಕ್ಕೆ ಸಾರ್? ನೀವೇ ಹೇಳಿದ್ರಲ್ಲ."

"ಅಮೆರಿಕದವರು ಬರ್ತಾರೆ ಅಂತ ಟಿಕೆಟ್ ಹೋಗಿದೆ ಮಾರಾಯ. ನಮ್ಮ ಕಾಡಿನವರಿಗೆ ಯಾರು ಎದ್ದು ನಿಂತು ಚಪ್ಪಾಳೆ ಹೊಡೀತಾರೆ? ಈಗ ಚೀಫ್ ಗೆಸ್ಟ್ ಒಟ್ಟಿಗೆ ಊಟಕ್ಕೆ ಕೂರ್ಬೇಕು. ನಗ್ತಾ ಇರಿ."

ಮುಖ್ಯ ಅತಿಥಿ ದೊಡ್ಡ ಕಂಪನಿಯೊಂದರ ಯಜಮಾನ, ಹೆಗಡೆ. ಬಂದವರೇ ತೋಳು ಚಾಚಿ ಬಸ್ತ್ಯಾಂವ ಕಾಕಾನನ್ನು ತಬ್ಬಿಕೊಂಡರು. "ವೆಲ್‌ಕಮ್, ಮೈ ಬ್ರದರ್" ಅಂದರು. ಫೋಟೊ ತೆಗೆಸಿ ಅಲ್ಲೇ ಫೇಸ್‌ಬುಕ್ಕಿಗೆ ಹಾಕಿದರು. ತಮ್ಮ ಪಕ್ಕದ ಕುರ್ಚಿಯನ್ನು ತಾವೇ ಎಳೆದುಕೊಟ್ಟರು.

ಕಾಕಾ ಕೂರಲಿಲ್ಲ. ಗೇಬ್ರಿಯಲ್ ನೋಡುತ್ತಿದ್ದಂತೆಯೇ ಕಾಕಾ ಬಗ್ಗಿ ಬೂಟು ಕಳಚಿದ, ಅದನ್ನು ಗೋಡೆಯ ಬದಿಗೆ ಸರಿಸಿಟ್ಟ, ಹಿಂದೆ ಹಿಂದೆ ನಡೆದು ಬಾಗಿಲ ಹೊರಗೆ ಹೋಗಿ ಕೈಕಟ್ಟಿ ನಿಂತ.

"ಒಡೆಯಾ," ಅಂದ.

ಹೆಗಡೆಯವರು ಆ ಬಿರುಕು ಬಿಟ್ಟ ಕಾಲು ನೋಡಿದರು, ಆಮೇಲೆ ಮುಖ ನೋಡಿದರು.

"ನೀ ಬಸ್ತ್ಯಾಂವ ಅಲ್ಲನೋ? ಕೆಳಗಿನಮನೆ ಕೊಟ್ಟಿಗೆಯವ?"

"ಹೌದ್ರ ಒಡೆಯಾ. ಸಣ್ಣೊಡೆಯರು ಅಂತ ಈಗ ಗುರ್ತ ಸಿಕ್ತು."

ಊರಲ್ಲಿ ಹೆಗಡೆಯವರ ಮನೆಯಾದ ಕೆಳಗಿನಮನೆಯ ಅಂಗಳದಲ್ಲಿ ಕಾಕಾ ಕರಟದಲ್ಲಿ ಚಾ ಕುಡಿದು, ಕರಟ ತೊಳೆದು, ಬೇಲಿಗೆ ಸಿಕ್ಕಿಸಿ ಬರುವುದನ್ನು ಗೇಬ್ರಿಯಲ್ ಚಿಕ್ಕಂದಿನಿಂದ ನೋಡಿದ್ದ. ಹೆಗಡೆಯವರು ಮೇಜಿನ ಕರವಸ್ತ್ರ ತೆಗೆದು, ಕಾಕಾನನ್ನು ತಬ್ಬಿದ್ದ ತಮ್ಮ ಕೋಟಿನ ಎದೆ ಒರೆಸಿಕೊಂಡರು.

"ಏನ್ರೀ ಜಯಪಾಲ್, ನಮ್ಮನೆ ಸಗಣಿ ಬಾಚೋನ್ನ ತಂದು ನನ್ನ ಪಂಕ್ತೀಲಿ ಕೂರಿಸ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ?"

"ಸಾರ್, ಸಾರ್, ಹಾಲಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ಹಾಡು, ಖಲಾಸ್."

ಹೆಗಡೆಯವರು ಫೋನು ನೋಡಿದರು. ಫೋಟೊ ಆಗಲೇ ಊರೆಲ್ಲ ಸುತ್ತಿತ್ತು.

"ಸೂಳೇಮಕ್ಳು ಬಾಯಿ ಬಿಡದ ಹಾಗೆ ನೋಡ್ಕೊಳ್ಳಿ," ಅಂದವರು ಕೈ ತೊಳೆಯಲು ಹೋದರು.

ಜಯಪಾಲ ನಾಲ್ವರನ್ನೂ ವೇದಿಕೆಯ ಹಿಂದಿನ ಓಣಿಗೆ ದೂಡಿದ. "ಒಂದು ಕನ್ನಡ ಶಬ್ದ ಹೊರಗೆ ಬಂದ್ರೆ ನಾಳೆಯೇ ವೀಸಾ ಕ್ಯಾನ್ಸಲ್. ಬಣ್ಣ ಹೊಡೆಯುವ ಕೆಲಸ ಸಹ ಮಾಫಿ, ಇಲ್ಲ. ಊರಿಗೆ ಹೋಗಿ ಸಗಣಿ ಬಾಚಿ."

ಅವನು ಹೋದ ಮೇಲೆ ಗೇಬ್ರಿಯಲ್ ಕಾಕಾನ ಮೇಲೆ ಹಾಯ್ದ. "ಥೂ ನಿನ್ನ. ಸಮುದ್ರ ದಾಟಿ ಬಂದ್ರೂ ಬಿಡ್ಲಿಲ್ಲಲ್ಲ ಕಾಕಾ ಆ ಬುದ್ಧಿ."

"ನಾ ಎಂತಾ ಮಾಡ್ಲೋ ಗೇಬ್ರು. ಅವ್ರ ಮುಖ ಕಂಡದ್ದೇ ಕಾಲು ತಾನಾಗಿ ಬೂಟು ಬಿಚ್ತು." ಕಾಕಾ ಗೋಡೆಗೆ ಹಣೆಯೊತ್ತಿ ಅತ್ತ.

ಗೇಬ್ರಿಯಲ್‌ಗೆ ತನ್ನ ಮೇಲೇ ಅಸಹ್ಯವಾಯಿತು. ಬೈಯಬೇಕಾದವನನ್ನು ಬಿಟ್ಟು ಕಾಕಾನನ್ನು ಬೈದಿದ್ದ. ಅವನು ಕೂತು ತನ್ನ ಬೂಟಿನ ದಾರ ಬಿಚ್ಚತೊಡಗಿದ. ದಿಯೋಗ ನೋಡಿದ, ತಾನೂ ಬಿಚ್ಚಿದ.

"ವೀಸಾ ಹೋಗ್ತದೋ," ಅಂದ ಹುಸೇನ. ಆಮೇಲೆ, "ಹಾಳಾಗಿ ಹೋಗ್ಲಿ," ಅಂದು ಅವನೂ ಬೂಟು ತೆಗೆದ.

"ಅಮೆರಿಕದಿಂದ ನೇರವಾಗಿ ನಿಮ್ಮ ಮುಂದೆ," ಎಂದು ನಿರೂಪಕಿ ಕೂಗಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೂಟು ತೊಟ್ಟ ನಾಲ್ವರು ಬರಿಗಾಲಲ್ಲಿ ಬಂದು ನಿಂತರು. ಗೇಬ್ರಿಯಲ್ ಮೈಕಿಗೆ ಬಾಯಿ ಕೊಟ್ಟ.

"ನಾವು ಅಮೆರಿಕದವ್ರಲ್ಲ. ನಾನು ಗೇಬ್ರಿಯಲ್ ಸಿದ್ದಿ, ಯಲ್ಲಾಪುರ ತಾಲೂಕು. ಇಂವ ದಿಯೋಗ ಸಿದ್ದಿ, ಇಂವ ಹುಸೇನ ಸಿದ್ದಿ. ಇವ ನಮ್ಮ ಬಸ್ತ್ಯಾಂವ ಕಾಕಾ. ಇಲ್ಲಿ ಮುಂದೆ ಕೂತ ಹೆಗಡೇರ ಮನೇಲಿ ಪ್ರಾಯ ಎಲ್ಲಾ ಸಗಣಿ ಬಾಚ್ದವ. ಈಗ ಹಾಡೂದು ನಮ್ಮ ಆಯಿ ಹಾಡು."

ಚಪ್ಪಾಳೆ ನಿಂತುಹೋಯಿತು. ಮೈಕು ಸತ್ತಿತು. ಬಸ್ ಸ್ಟಾಪಿನಲ್ಲಿ ಮೈಕು ಎಲ್ಲಿತ್ತು? ದಿಯೋಗ ಹಲಗೆಯ ಮೇಲೆ ಹಿಮ್ಮಡಿ ಗುದ್ದಿದ, ಗೇಬ್ರಿಯಲ್ ಎತ್ತಿಕೊಂಡ.

ಸೊಪ್ಪು ಹೊತ್ತೆ, ಸೌದೆ ಹೊತ್ತೆ, ಒಡತಿ ಮಗನ ಹೊತ್ತೆ,
ಸಂಜೆ ಆತು, ನನ್ನ ಕೂಸೆ, ನಿನ್ನ ಯಾರು ಹೊತ್ರು.

ಜಯಪಾಲ ಓಡಿಹೋಗಿ ಕ್ಯಾಮರಾದ ವೈರು ಕಿತ್ತ. ಆಯಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಹೆಸರಾದರೂ ಕೇಳಿಸಿರಲಿ ಎಂದುಕೊಂಡ ಗೇಬ್ರಿಯಲ್. ವೇದಿಕೆಯ ದೀಪಗಳೂ ಆರಿದವು. ಹಾಡು ನಿಲ್ಲಲಿಲ್ಲ. ಆದರೆ ಅದರ ತಳದ ದನಿ ಪಕ್ಕದಲ್ಲಿರಲಿಲ್ಲ, ಕೆಳಗಿನಿಂದ ಬರುತ್ತಿತ್ತು. ಬಾಗಿಲ ಮೇಲಿನ ಸಣ್ಣ ಹಸಿರು ದೀಪದ ಬೆಳಕಿನಲ್ಲಿ ಗೇಬ್ರಿಯಲ್ ಹುಡುಕಿದ.

ಬಸ್ತ್ಯಾಂವ ಕಾಕಾ ಮೆಟ್ಟಿಲಿಳಿದು ಮೊದಲ ಸಾಲಿಗೆ ಹೋಗಿದ್ದ. ಜಯಪಾಲ ಬಿಟ್ಟೆದ್ದ ಕುರ್ಚಿಯಲ್ಲಿ, ಹೆಗಡೆಯವರ ಪಕ್ಕದಲ್ಲಿ, ಬೆನ್ನು ಊರಿ ಕೂತಿದ್ದ.

"ಏಳೋ," ಅಂದರು ಹೆಗಡೆಯವರು, ಹಲ್ಲು ಕಚ್ಚಿಕೊಂಡು. "ಬಸ್ತ್ಯಾಂವ, ಏಳೋ ಮೇಲೆ."

ಕಾಕಾ ಏಳಲಿಲ್ಲ. ಅವನು ಕುರ್ಚಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹಾಡುತ್ತಲೇ ಇದ್ದ.