ಕೂರಲಾರದ ಮಾರ

ಕಂಡಕ್ಟರಣ್ಣನಿಗೆ ಕೂರುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ವಾರದ ಆರು ದಿನ ಬಸ್ಸಿನಲ್ಲಿ ನಿಂತೇ ಇರುವವನು, ಏಳನೆಯ ದಿನ ಬೌದ್ಧ ವಿಹಾರದ ಮಹಡಿಯ ಮೇಲೆ ಹದಿನಾಲ್ಕು ಹುಡುಗ ಹುಡುಗಿಯರಿಗೆ ಧ್ಯಾನಕ್ಕೆ ಕೂರುವುದನ್ನು ಕಲಿಸುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನೀವು ನಗಬಹುದು. ಆದರೆ ಅಲ್ಲಿನ ಭಿಕ್ಷು ಭಂತೇಜಿಯ ಎದುರು ಐದೇ ನಿಮಿಷಕ್ಕೆ ತೂಕಡಿಸುತ್ತಿದ್ದವರು ಈಗ ಅರ್ಧ ಗಂಟೆ ಅಲುಗದೆ ಕೂರುತ್ತಿದ್ದರೆ, ಅದು ಇವನ ನಾಟಕದಿಂದಲೇ.

ನಾಟಕವೆಂದರೆ ಇಷ್ಟೇ. ಮರದ ಕೆಳಗೆ ಕೂತ ಬುದ್ಧನನ್ನು ಎಬ್ಬಿಸಲು ಮಾರ ಬಂದನಲ್ಲ, ಆ ಮಾರ ಇವನು. ಉಳಿದವರೆಲ್ಲ ಕಣ್ಣು ಮುಚ್ಚಿದ ಬುದ್ಧರು. ಇವನು ಸುತ್ತ ತಿರುಗುತ್ತ ಆಸೆ ತೋರಿಸಬೇಕು, ಹೆದರಿಸಬೇಕು, ಅಳಬೇಕು. ಅವರು ಜಗ್ಗದೆ "ಮಾರಾ, ಗುರುತು ಸಿಕ್ತು" ಎನ್ನಬೇಕು. ಹೋದ ವಾರ ಕೆಳಗೆ ಬೆಂಕಿ ಬಿದ್ದಿದೆ ಎಂದು ಕೂಗಿದ್ದ. ಅದರ ಹಿಂದಿನ ವಾರ ಅಮ್ಮ ಸತ್ತಳೆಂದು ಗೋಳಾಡಿದ್ದ. ಆಕೆ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಯಾರೂ ಮಿಸುಕಿರಲಿಲ್ಲ. "ಮಾರನ ಪಾತ್ರ ಬೇರೆಯವರಿಗೆ ಕೊಡಪ್ಪ, ನೀನೂ ಒಂದಿನ ಕೂತು ನೋಡು" ಎಂದು ಭಂತೇಜಿ ಅಂದಾಗಲೆಲ್ಲ "ಮುಂದಿನ ವಾರ ಭಂತೇ" ಎಂದು ಜಾರಿಕೊಳ್ಳುತ್ತಿದ್ದ. ಕೂತರೆ ತಲೆಯೊಳಗಿಂದ ಏನೇನು ಎದ್ದು ಬರುತ್ತದೋ ಎಂದು ಅವನಿಗೆ ಭಯ.

ಆ ಬೆಳಿಗ್ಗೆ ತಂಗಿಯನ್ನು ಹೆರಿಗೆಗೆ ಸೇರಿಸಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಇವನು ಶತಪಥ ತಿರುಗುವುದನ್ನು ನೋಡಲಾರದೆ ಅಮ್ಮನೇ ಅಟ್ಟಿದ್ದಳು. "ನೀನಿಲ್ಲಿದ್ರೆ ನನಗೂ ಬೇನೆ ಶುರುವಾಗುತ್ತೆ. ಹೋಗು, ಆ ಮಕ್ಕಳನ್ನ ನೋಡ್ಕೋ."

ಭಂತೇಜಿ ಊರಲ್ಲಿರಲಿಲ್ಲ. ಮಕ್ಕಳು ಕೂತಾಗಿತ್ತು. ಇವನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದ. ಏನು ಹೇಳಿ ಹೆದರಿಸಬೇಕೆಂದೇ ತೋಚಲಿಲ್ಲ. ಅಷ್ಟರಲ್ಲಿ ಫೋನ್ ಗುರುಗುಟ್ಟಿತು. ಮೆಟ್ಟಿಲ ಬಳಿ ಹೋಗಿ ಎತ್ತಿದರೆ ತಂಗಿಯ ಗಂಡ.

"ಮಗು ಚೆನ್ನಾಗಿದೆ ಭಾವ. ಇವಳಿಗೆ ರಕ್ತ ನಿಲ್ತಾ ಇಲ್ಲ. ಇವಳ ಗುಂಪಿನದು ಇಲ್ಲಿ ಒಂದೇ ಬಾಟ್ಲಿ ಇರೋದಂತೆ. ಯಾರಾದ್ರೂ ಸಿಕ್ಕಿದ್ರೆ ಈಗ್ಲೇ ಕರ್ಕೊಂಡ್ ಬನ್ನಿ."

ಇವನ ರಕ್ತ ಹೊಂದುವುದಿಲ್ಲ. ಹೊಂದುವವಳು ಒಳಗೇ ಕೂತಿದ್ದಳು: ಹೊಲಿಗೆ ಅಂಗಡಿಯ ಹುಡುಗಿ, ಇಪ್ಪತ್ತು ವರ್ಷದವಳು. ವಿಹಾರದಲ್ಲೇ ನಡೆದ ರಕ್ತದಾನದಲ್ಲಿ ಅವಳ ಅಪರೂಪದ ಗುಂಪು ಗೊತ್ತಾಗಿ, ನನ್ನ ತಂಗಿಯದೂ ಅದೇ ಕಣಮ್ಮ ಎಂದು ಖುಷಿಪಟ್ಟಿದ್ದ. ಓಡಿಬಂದು ಅವಳೆದುರು ನಿಂತ.

"ಏಳಮ್ಮ. ನನ್ನ ತಂಗಿಗೆ ರಕ್ತ ಬೇಕಂತೆ. ಬೇಗ ಏಳು."

ಅವಳ ತುಟಿಯ ಅಂಚಿನಲ್ಲಿ ನಗು ಮೂಡಿತು. "ಮಾರಾ, ಗುರುತು ಸಿಕ್ತು."

"ಆಟ ಅಲ್ಲ ಇದು. ನನ್ನಾಣೆಗೂ ಅಲ್ಲ."

"ಮಾರಾ, ಗುರುತು ಸಿಕ್ತು" ಎಂದರು ಹದಿನಾಲ್ಕು ಜನ.

ಭುಜ ಹಿಡಿದು ಅಲುಗಿಸಿದ. ಅವಳು ಇನ್ನಷ್ಟು ಬಿಗಿಯಾಗಿ ಕೂತಳು. ಕೂಗಿದ, ಬೈದ, ಕೈಮುಗಿದ. ಗಂಟಲು ಬಿರಿದಷ್ಟೂ ನಟನೆ ಒಳ್ಳೆಯದಾಗುತ್ತಿತ್ತು; ಹಿಂದಿನ ಸಾಲಿನ ಒಬ್ಬ ಮೆಚ್ಚಿ ತಲೆದೂಗಿದ. ಇವರನ್ನು ಹೀಗೆ ತಯಾರು ಮಾಡಿದವನು ತಾನೇ ಎಂದು ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಅಲ್ಲಿ ತಂಗಿಯ ಜೀವ ಸೋರುತ್ತಿದೆ, ಇಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಅವಳೆದುರೇ ನೆಲಕ್ಕೆ ಕುಸಿದು ಕೂತ. ಕಣ್ಣು ಮುಚ್ಚಿದ. ಇಷ್ಟು ವರ್ಷ ಯಾವುದು ಎದ್ದು ಬಂದೀತೆಂದು ಹೆದರಿದ್ದನೋ ಅದೆಲ್ಲ ಬಂತು, ತಂಗಿಯ ಬಿಳಿಚಿದ ಮುಖದ ಸಮೇತ. ಅವನು ಎದ್ದು ಓಡಲಿಲ್ಲ.

ಮಹಡಿಯಲ್ಲಿ ಅವನ ಹೆಜ್ಜೆ ಸಪ್ಪಳ ನಿಂತುಹೋಗಿತ್ತು. ಮಾರನ ಮುಂದಿನ ವರಸೆಗೆ ಕಾದಿದ್ದ ಹುಡುಗಿಗೆ ಆ ಮೌನ ಸರಿಕಾಣಲಿಲ್ಲ. ಒಂದು ಕಣ್ಣು ತೆರೆದಳು. ಆಮೇಲೆ ಎರಡೂ ತೆರೆದಳು.

"ಅಣ್ಣ ಕೂತಿದಾನೆ" ಎಂದಳು.

"ಮಾರಾ, ಗುರುತು..." ಹಿಂದಿನಿಂದ ಯಾರೋ ಶುರುಮಾಡಿದ.

"ಬಾಯ್ಮುಚ್ಚೋ. ಅಣ್ಣ ಕೂತಿದಾನೆ ಕಣೋ. ನಿಜವೇ ಇರ್ಬೇಕು."

ಎಲ್ಲರೂ ಕಣ್ಣು ತೆರೆದರು. ಅವಳಾಗಲೇ ತೋಳು ಮೇಲಕ್ಕೇರಿಸುತ್ತ ಎದ್ದು, ಇನ್ನೊಂದು ಕೈಯಿಂದ ಅವನ ರಟ್ಟೆ ಹಿಡಿದು ಎಳೆಯುತ್ತಿದ್ದಳು.

"ಏಳಣ್ಣ, ಏಳು. ಎಷ್ಟೊತ್ತು ಅಂತ ಕೂತಿರ್ತೀಯ."