ಗೇರೆಣ್ಣೆಗೆ ಉದುರಿದ ಮಚ್ಚೆ

ಹುಸೈನ್ ರಜೆಯಲ್ಲಿ ಮೊಗ್ರಾಲಿಗೆ ಬಂದನೆಂದರೆ ಅವನ ಅಂಗಿಗೂ ರಜೆ. ಗಲ್ಫಿನ ಕಟ್ಟಡಗಳ ನೆತ್ತಿಯಲ್ಲಿ ವರ್ಷಗಟ್ಟಲೆ ಬೆಂದ ಮನುಷ್ಯ ಊರಿನ ಬಿಸಿಲಿಗೆ ಹೆದರುತ್ತಾನೆಯೇ? ಮೈತುಂಬಾ ಎಣ್ಣೆ ಹಚ್ಚಿಸಿಕೊಂಡು ಅಂಗಳದಲ್ಲಿ ಕೂತರೆ ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳುವವರೆಗೆ ಏಳುತ್ತಿರಲಿಲ್ಲ.

ಎಣ್ಣೆ ಹಚ್ಚುವಾಗಲೇ ಹೆಂಡತಿ ರಂಶೀನಾಳ ಬೆರಳಿಗೆ ಅದು ತಾಗಿದ್ದು. ಹೆಗಲ ಹಿಂದಿನ ಮಚ್ಚೆ. ಮದುವೆಯಾದಾಗ ಎಳ್ಳಿನಷ್ಟಿದ್ದದ್ದು ಈಗ ಹುಣಸೆಬೀಜದಷ್ಟಾಗಿ, ಅಂಚು ಸೊಟ್ಟಗಾಗಿ, ಒಂದು ಬದಿ ನೀಲಿಗಟ್ಟಿತ್ತು. ಅವಳ ಬೆರಳು ಅಲ್ಲೇ ನಿಂತಿತು. ಅಂಗನವಾಡಿಗೆ ಬಂದ ನರ್ಸಮ್ಮ ಹೇಳಿದ್ದರು: ಎಳೆ ಬಿಸಿಲು ಒಳ್ಳೆಯದೇ, ನೆತ್ತಿ ಬಿಸಿಲಿಗೆ ಅಂಗಿ, ಟೊಪ್ಪಿ ಬೇಕು, ಮಚ್ಚೆ ಬೆಳೆದು ಬಣ್ಣ ತಿರುಗಿದರೆ ತೋರಿಸಿ, ಕ್ಯಾನ್ಸರ್ ಆಗಿದ್ದು ತಡಮಾಡಿದರೆ ಒಳಗೊಳಗೇ ಹರಡಿ ಕಂಕುಳಲ್ಲಿ ಗಂಟು ಕಟ್ಟೀತು.

"ನೀವು ಹೋಗುವುದರೊಳಗೆ ಇದನ್ನು ಡಾಕ್ಟರಿಗೆ ತೋರಿಸುವ."

"ಎಂತ ಮಾರಾಯ್ತಿ, ಮಚ್ಚೆಗೂ ಡಾಕ್ಟರಾ?"

ಅವಳು ಬಿಡಲಿಲ್ಲ. ಕಾಟ ತಡೆಯಲಾರದೆ ಅವನು ಸೋಮವಾರ ಕಾಸರಗೋಡಿಗೆ ಹೋಗಲು ಒಪ್ಪಿದ. ಒಪ್ಪಿದ್ದು ಅವನ ತಾಯಿ, ಉಮ್ಮನ ಕಿವಿಗೂ ಬಿತ್ತು.

"ಇಷ್ಟಕ್ಕೆ ಆಸ್ಪತ್ರೆ ಎಂತಕ್ಕೆ ಮೋನೆ? ಗೇರೆಣ್ಣೆ ಉಂಟಲ್ಲ."

ಗೇರುಬೀಜ ಸುಡುವಾಗ ಸಿಪ್ಪೆಯಿಂದ ಒಸರುವ ಆ ಕಪ್ಪೆಣ್ಣೆ ತಾಗಿದರೆ ಚರ್ಮವೇ ಬೇಯುತ್ತದೆ. ಅದರಿಂದ ಕೇರಿಯ ಅರ್ಧ ಜನರ ನರಹುಲಿ ಉದುರಿಸಿದ ಕೈ ಉಮ್ಮನದು. "ಇದು ನರಹುಲಿ ಅಲ್ಲ ಉಮ್ಮಾ" ಎಂದಳು ರಂಶೀನಾ. ಸೊಸೆಯ ಮಾತು ಯಾರಿಗೆ ಬೇಕು? ಉಮ್ಮ ಕಡ್ಡಿ ಅದ್ದಿ ಒತ್ತಿದರು, ಮಗ ಹಲ್ಲು ಕಚ್ಚಿದ.

ಸೋಮವಾರ ಮಚ್ಚೆಯ ಜಾಗದಲ್ಲಿ ಬರೀ ಹುಣ್ಣು. ಅದು ಒಣಗಲಿ ಎಂದು ಆಸ್ಪತ್ರೆ ಮುಂದಕ್ಕೆ ಹೋಯಿತು. ಹೊರಡುವ ವಾರ ಹಕ್ಕಳೆ ಕಳಚಿ, ಕೆಳಗೆ ನಸುಗೆಂಪು ಹೊಸ ಚರ್ಮ.

"ಇನ್ನು ಡಾಕ್ಟರಿಗೆ ಎಂತ ತೋರಿಸುವುದು? ಹಕ್ಕಳೆಯನ್ನಾ?" ಹುಸೈನ್ ನಕ್ಕ. ರಂಶೀನಾಳೂ ನಕ್ಕಳು. ಹೆದರಿ ಹೆದರಿ ಸಾಕಾಗಿತ್ತು ಅವಳಿಗೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಅವನು ವಿಮಾನ ಹತ್ತಿದ.

ಮಳೆಗಾಲದ ಒಂದು ಶುಕ್ರವಾರ ವೀಡಿಯೊ ಕರೆ ಬಂತು. ಅವನ ಬೆನ್ನ ಹಿಂದೆ ಮರುಭೂಮಿಯ ಬಿಸಿಲು ಕಣ್ಣು ಕುಕ್ಕುವಂತಿತ್ತು. ಮುಖ ಇಳಿದಿತ್ತು. ಮಕ್ಕಳ ಸುದ್ದಿ ಕೇಳಿದ, ಮಳೆಯ ಸುದ್ದಿ ಕೇಳಿದ. ಆಮೇಲೆ ತೋಳೆತ್ತಿ ತೋರಿಸಿದ.

"ಕಂಕುಳಲ್ಲಿ ಸಣ್ಣ ಗಂಟು ಉಂಟು ನೋಡು. ನೋವಿಲ್ಲ. ಇದಕ್ಕೂ ಗೇರೆಣ್ಣೆ ಆಗ್ತದಾ ಅಂತ ಉಮ್ಮನಲ್ಲಿ ಕೇಳು."

ರಂಶೀನಾಳಿಗೆ ನರ್ಸಮ್ಮ ಹೇಳಿದ್ದ ಗಂಟಿನ ಮಾತು ನೆನಪಾಯಿತು. ಒಳಗೆ ಉಮ್ಮ ಆಗಲೇ ಕಪಾಟಿನಲ್ಲಿ ಬಾಟಲಿ ಹುಡುಕುತ್ತಿದ್ದರು.