ಹೆರಿಗೆ ವಾರ್ಡಿನ ಕೆಳಗಿನ ಕಿವಿ

ನಾನೊಂದು ಜಿಯೋಫೋನ್. ನೆಲದ ನಡುಕ ಕೇಳುವ ಕಿವಿ ಎಂದುಕೊಂಡರೆ ಸಾಕು. ಪೀಣ್ಯದ ಸಣ್ಣ ಶೆಡ್ಡಿನಲ್ಲಿ ಹುಟ್ಟಿದೆ. ಒಳಗೆ ಅಯಸ್ಕಾಂತ, ಸ್ಪ್ರಿಂಗಿಗೆ ತೂಗಿದ ತಾಮ್ರದ ಸುರುಳಿ; ಬೆನ್ನಿಗೊಂದು ರಬ್ಬರ್ ಚೀಲ. ಅದಕ್ಕೆ ಗಾಳಿ ತುಂಬಿದರೆ, ನೆಲದಲ್ಲಿ ಕೊರೆದ ಗುಣಿಗೆ ಇಳಿಸಿದ ಪೈಪಿನ ಗೋಡೆಗೆ ಕಚ್ಚಿಕೊಳ್ಳುತ್ತೇನೆ.

ಮೊದಲು ನನ್ನನ್ನು ಕೊಂಡ ಕಾಲೇಜಿನವರು ಗಾಜಿನ ಕಪಾಟಿನಲ್ಲಿಟ್ಟು, ಗಣ್ಯರು ಬಂದಾಗ ಮಾತ್ರ ಒರೆಸುತ್ತಿದ್ದರು. ಅಲ್ಲಿಂದ ಬಿಡಿಸಿದವರು ಮಣ್ಣು ಪರೀಕ್ಷೆಯ ಇಂಜಿನಿಯರ್ ನೀಲಾಂಬಿಕಾ. ಅವರೊಂದಿಗೆ ಊರೂರಿನ ಗುಣಿಗಳಿಗೆ ಇಳಿದೆ. ಮೇಲೆ ಜೀಪಿನ ಚಕ್ರದಡಿ ಒಂದು ಹಲಗೆ. ಅದರ ಎಡತುದಿಗೆ ಸುತ್ತಿಗೆ ಬಿದ್ದರೆ ಮಣ್ಣು ಒಂದು ಕಡೆ ತೊನೆಯುತ್ತದೆ, ಬಲತುದಿಗೆ ಬಿದ್ದರೆ ಇನ್ನೊಂದು ಕಡೆ. ಗಟ್ಟಿ ಪದರದಲ್ಲಿ ಆ ಅಲೆ ಓಡಿಬರುತ್ತದೆ, ಮೆತ್ತನೆಯದರಲ್ಲಿ ತೆವಳುತ್ತದೆ.

ಘಟಪ್ರಭೆಯ ದಂಡೆಯ ಊರೊಂದರಲ್ಲಿ ಹೆರಿಗೆ ವಾರ್ಡು ಕಟ್ಟಬೇಕಿತ್ತು. ಅಲ್ಲಿ ಅಲೆ ಓಡಿಬಂತು, ಆಳದವರೆಗೂ. ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಗಿರಿಜವ್ವನವರ ಮುಖ ಅರಳಿತು.

"ನೆಲ ಗಟ್ಟಿ ಐತಿ ಅಂತಾತಲ್ಲ, ಸಹಿ ಹಾಕವಾ. ನನ್ನ ಬಾಣಂತೇರು ವರಾಂಡದಾಗ ಮಲಗ್ಯಾರ."

ನಾನು ಕೇಳಿದ್ದು ತಂತಿ ಹತ್ತಿ ಮೇಲಿನ ಪರದೆಯಲ್ಲಿ ಗೆರೆಯಾಗುತ್ತದೆ; ನೀಲಾಂಬಿಕಾ ಅದರಿಂದ ಕಣ್ಣು ತೆಗೆಯಲಿಲ್ಲ. ಎಡಕ್ಕೆ ಹೊಡೆದರೂ ಬಲಕ್ಕೆ ಹೊಡೆದರೂ ಗೆರೆ ಒಂದೇ ಕಡೆ ಬಾಗುತ್ತಿತ್ತು; ಮಣ್ಣಿನದಾಗಿದ್ದರೆ ತಿರುಗಬೇಕಿತ್ತು.

"ಡಾಕ್ಟರಕ್ಕಾ, ಇದು ಮಣ್ಣಲ್ಲ ಮಾತಾಡೋದು, ಪೈಪು. ದಾವಲಣ್ಣಾ, ಪೈಪಿನ ಸುತ್ತ ಏನು ತುಂಬೀರಿ?"

ಗುಣಿ ಕೊರೆದ ದಾವಲಸಾಬ ಹುಟ್ಟಾ ಬೋರ್‌ವೆಲ್ಲಿನವನು. "ಚಲೋ ಜಲ್ಲಿ ತುಂಬೀನ್ರಿ! ನೀರು ಸಲೀಸ ಒಳಗ ಬರ್ತೈತಿ."

"ನಮಗ ನೀರು ಬ್ಯಾಡಣ್ಣಾ."

"ನೀರು ಬ್ಯಾಡಂದ್ರ ಇಷ್ಟುದ್ದ ತೂತು ಯಾಕ ಬೇಕ್ರಿ?"

ಪಕ್ಕದಲ್ಲೇ ಹೊಸ ಗುಣಿ ಬಿತ್ತು. ಪೈಪಿನ ಸುತ್ತ ಈ ಸಲ ಸಡಿಲ ಜಲ್ಲಿಯಲ್ಲ, ಮಣ್ಣಿನ ನಡುಕ ಪೈಪಿಗೆ ನೇರ ತಾಗಲೆಂದು ಸಿಮೆಂಟಿನ ಗಂಜಿ. ಅದು ಗಟ್ಟಿಯಾಗುವ ತನಕ ಡಾಕ್ಟರು ದಿನಾ ಬಂದು ಗುಣಿ ನೋಡಿ ಹೋದರು. ಆಮೇಲೆ ನಾನು ಇಳಿದೆ. ತಳದ ಹತ್ತಿರ ಅಲೆ ತೆವಳಿತು. ಅಲ್ಲಿದ್ದದ್ದು ನದಿ ಎಂದೋ ಬಿಟ್ಟುಹೋದ ಕೆಸರು. ಭೂಮಿ ನಡುಗಿದರೆ ಮೇಲಿನ ಭಾರವನ್ನು ತಡೆಯುವಂಥದ್ದಲ್ಲ.

"ಹಂಗಾರ ನನ್ನ ವಾರ್ಡು?"

"ಆಗತೈತ್ರಿ ಅಕ್ಕಾ. ಕೆಸರು ದಾಟಿ ಕೆಳಗಿನ ಬಂಡೆಗಲ್ಲಿಗೆ ಕಂಬ ಇಳಸಬೇಕು. ತಡ ಆಗತೈತಿ."

"ಬಾಣಂತೇರಿಗೆ ನೀನ ಬಂದು ಹೇಳು," ಎಂದರು ಡಾಕ್ಟರು. ನೀಲಾಂಬಿಕಾ ಹೋಗಿ ಹೇಳಿದರು. ಬೈಸಿಕೊಂಡೇ ಬಂದರಂತೆ.

ನನ್ನನ್ನು ಮೇಲೆತ್ತುವಾಗ ಚೀಲದ ಗಾಳಿ ಇಳಿಯಲಿಲ್ಲ. ಎಳೆದರು, ಬೈದರು, ಮತ್ತೆ ಎಳೆದರು. ತಂತಿ ಹರಿದುಹೋಯಿತು. ನೀಲಾಂಬಿಕಾ ಗುಣಿಯ ಬಾಯಲ್ಲಿ ಬಗ್ಗಿ ಸ್ವಲ್ಪ ಹೊತ್ತು ನೋಡಿ, ಮುಚ್ಚಿಸಿದರು.

ಈಗ ನನ್ನ ಸುತ್ತ ಕಂಬಗಳು, ತಲೆಯ ಮೇಲೆ ವಾರ್ಡು. ಸ್ಪ್ರಿಂಗು ಸಡಿಲವಾಗಿದೆ, ಕೇಳಿದ್ದನ್ನು ಹೇಳಲು ತಂತಿಯಿಲ್ಲ, ಕೇಳುವುದನ್ನು ಬಿಟ್ಟಿಲ್ಲ. ಮಗುವಿನ ಅಳು ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕಾದು ಕುಳಿತವರು ಒಮ್ಮೆಗೇ ಎದ್ದು ನಿಲ್ಲುತ್ತಾರಲ್ಲ, ಅದು ಇಳಿದು ಬರುತ್ತದೆ.